ದರ್ಯಾ ಮುತ್ಯಾನ ಗಾಳ

ಸಂಜೆ ಐದಾದರೆ ನನ್ನ ಕಾಲುಗಳು ತಾವಾಗಿಯೇ ಶರಣಬಸವೇಶ್ವರ ಗುಡಿಯ ಕಡೆ ಹೊರಡುತ್ತವೆ. ಗುಡಿಯೊಳಗೆ ಹೋಗಿ ಕೈ ಮುಗಿದು, ಪಕ್ಕದ ಅಪ್ಪನ ಕೆರೆಯ ದಂಡೆಗೆ ಬಂದು ಒಂದು ಸುತ್ತು ಹಾಕಿ, ಕಾಲು ನೋವಾದಲ್ಲಿ ಕೂತುಬಿಡುವುದು ನನ್ನ ದಿನಚರಿ. ಕಳೆದ ತಿಂಗಳು ಹಾಗೆ ಕೂತಿದ್ದಾಗ ಕಿಸೆಯಲ್ಲಿನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಮೊಮ್ಮಗಳು.

“ಮುತ್ಯಾ, ನಾವು ಕಾರವಾರಕ್ಕ ಬಂದು ಮುಟ್ಟಿದಿವಿ. ಮನಿ ಹಿಂದ ಒಂದು ಫರ್ಲಾಂಗ್ ನಡದ್ರ ಸಮುದ್ರ! ಇಲ್ಲಿ ಹುಡುಗರು ಗಾಳ ಹಾಕತಾರ. ನೀನೂ ಹಾಕತಿದ್ದೆಂತ? ಅಪ್ಪ ಹೇಳಿದ. ನನಗ ಕಲಿಸು.”

ನನ್ನ ಮಗನಿಗೆ ಈ ವರ್ಷ ಕಾರವಾರಕ್ಕೆ ವರ್ಗವಾಗಿದೆ. ನಲವತ್ತು ವರ್ಷದ ಹಿಂದೆ ನನಗೂ ಅದೇ ಊರಿಗೆ ಆಗಿತ್ತು. ಮೊಮ್ಮಗಳಿಗೆ ಹನ್ನೊಂದು ವರ್ಷ. ಕೆರೆ, ಬಾವಿ, ಭೀಮಾ ನದಿ ಬಿಟ್ಟರೆ ಅವಳು ಕಂಡ ನೀರೇ ಇಲ್ಲ. ಫೋನಿನಲ್ಲಿ ಗಾಳ ಕಲಿಸುವುದು ಹೇಗೆ? “ಪತ್ರ ಬರೀತೀನಿ ತಾಯಿ” ಎಂದೆ. ಬರೆಯಲು ಕೂತಾಗ ಅನ್ನಿಸಿತು, ಅವಳಂತೆ ಬಯಲುಸೀಮೆಯಿಂದ ಕರಾವಳಿಗೆ ಹೋಗುವ ಮಕ್ಕಳು, ಅವರ ಹಿಂದೆ ಹೋಗುವ ನಮ್ಮಂಥ ಅಜ್ಜ ಅಜ್ಜಿಯರು ಎಷ್ಟು ಜನರಿಲ್ಲ? ಪತ್ರವನ್ನು ಎಲ್ಲರೂ ಓದಲಿ ಎಂದು ಇಲ್ಲಿಗೇ ಕಳಿಸುತ್ತಿದ್ದೇನೆ.

ಅದು 1984. ನಾನು ಬ್ಯಾಂಕಿನಲ್ಲಿ ನಗದು ಗುಮಾಸ್ತ. ಗುಲಬರ್ಗಾದಿಂದ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆ, ಆಮೇಲೆ ಕಾರವಾರ. ಆಗಿನ್ನೂ ಕೊಂಕಣ ರೈಲು ಇರಲಿಲ್ಲ. ಘಟ್ಟದ ತಿರುವುಗಳಲ್ಲಿ ಹೆಂಡತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು, ಎಂಟು ವರ್ಷದ ಮಗ ಮಾತ್ರ “ಸಮುದ್ರ ಬಂತಾ, ಸಮುದ್ರ ಬಂತಾ” ಎನ್ನುತ್ತಲೇ ಇದ್ದ. ಕೊನೆಗೆ ಬಂದಾಗ ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಜೋಳದ ಹೊಲದ ಹಾಗೆ ಕಣ್ಣು ಮುಟ್ಟುವ ತನಕ ಸಪಾಟಾಗಿ ಹಬ್ಬಿತ್ತು. ಆದರೆ ಈ ಹೊಲ ಅಲ್ಲಾಡುತ್ತಿತ್ತು.

ಕಾರವಾರದ ಸಮುದ್ರ ಒಂದು ಕೊಲ್ಲಿ. ಅಂದರೆ ನೆಲ ತೋಳು ಚಾಚಿ ಸಮುದ್ರದ ಒಂದು ತುಂಡನ್ನು ಅಪ್ಪಿಕೊಂಡಂತೆ. ಉತ್ತರಕ್ಕೆ ಕಾಳಿ ನದಿ ಬಂದು ಸೇರುತ್ತದೆ, ಅದರ ಆಚೆ ದಂಡೆಯಲ್ಲಿ ಸದಾಶಿವಗಡ. ದಕ್ಷಿಣಕ್ಕೆ ಬೈತಖೋಲ ಬಂದರು. ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ನಡುಗಡ್ಡೆಗಳು. ದೊಡ್ಡ ಅಲೆಗಳು ಈ ನಡುಗಡ್ಡೆಗಳಿಗೆ, ಗುಡ್ಡದ ಮೂಗುಗಳಿಗೆ ಬಡಿದು ಅರ್ಧ ಬಲ ಕಳೆದುಕೊಂಡೇ ಒಳಗೆ ಬರುತ್ತವೆ. ಅದಕ್ಕೇ ಇದು ಹಿಂದಿನಿಂದಲೂ ಹಡಗುಗಳಿಗೆ ಒಳ್ಳೆಯ ತಂಗುದಾಣ. ರವೀಂದ್ರನಾಥ ಟಾಗೋರರು ತರುಣರಾಗಿದ್ದಾಗ, ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆಂದು ಬಂದು ಇಲ್ಲಿ ಉಳಿದಿದ್ದರು. ಈಗ ಕಡಲತೀರಕ್ಕೆ ಅವರದೇ ಹೆಸರು.

ನಾವು ಬಾಡಿಗೆಗೆ ಇದ್ದದ್ದು ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವ ಹತ್ತಿರ. ಪಕ್ಕದ ಮನೆಯಲ್ಲಿ ಎಪ್ಪತ್ತರ ಅಜ್ಜ. ಮೀನುಗಾರರ ಕುಲದವರು, ಮನೆಮಾತು ಕೊಂಕಣಿ, ಕನ್ನಡವೂ ಬರುತ್ತಿತ್ತು. ಅವರು ಸಮುದ್ರಕ್ಕೆ ‘ದರ್ಯಾ’ ಎನ್ನುತ್ತಿದ್ದರು. ನನ್ನ ಮಗನಿಗೆ ಅದು ವಿಚಿತ್ರ. ನಮ್ಮ ಗುಲಬರ್ಗಾದ ಉರ್ದುವಿನಲ್ಲಿ ದರ್ಯಾ ಎಂದರೆ ಹೊಳೆ! ಹೊಳೆ ಹರಿದು ಹರಿದು ಇಲ್ಲಿಗೆ ಬಂದು ಸಮುದ್ರ ಆಯಿತೇನೋ ಎಂದುಕೊಂಡು ಅವನು ಅಜ್ಜನಿಗೆ ‘ದರ್ಯಾ ಮುತ್ಯಾ’ ಎಂದು ಹೆಸರಿಟ್ಟ. ಅದೇ ಉಳಿಯಿತು.

ಭಾನುವಾರ ಅವರು ಗಾಳ ಹಿಡಿದು ಹೊರಟರೆ ನಾನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ಮೂರನೆಯ ಭಾನುವಾರ ಅವರೇ ಕೇಳಿದರು: “ಸಾಹೇಬ್ರೇ, ನೋಡ್ತಾ ನಿಂತ್ರೆ ಮೀನು ಸಿಗೋದಿಲ್ಲ, ಬರ್ತೀರಾ?”

ಹಾಗೆ ಶುರುವಾಯಿತು ನನ್ನ ಗಾಳ.

ಅವರ ಬಳಿ ಕೋಲು ಇರಲಿಲ್ಲ. ಅಂಗೈಯಷ್ಟು ಅಗಲದ ಮರದ ತುಂಡು, ಅದಕ್ಕೆ ಸುತ್ತಿದ ತಂಗೂಸ್ ದಾರ, ಕೊನೆಗೊಂದು ಸೀಸದ ಗುಂಡು, ಅದಕ್ಕಿಂತ ಒಂದು ಗೇಣು ಮೇಲೆ ಕೊಕ್ಕೆ. ಕೊಕ್ಕೆಗೆ ಕೊಂಕಣಿಯಲ್ಲಿ ‘ಗರಿ’. ಈಗಿನ ಮಕ್ಕಳಿಗೆ ಅಂಗಡಿಯಲ್ಲಿ ಕೋಲು, ರೀಲು, ಬಣ್ಣದ ಪ್ಲಾಸ್ಟಿಕ್ ಮೀನು ಎಲ್ಲ ಸಿಗುತ್ತದೆ. ಆದರೆ ಕಲಿಯುವವರಿಗೆ ಕೈದಾರವೇ ಒಳ್ಳೆಯದು ಎಂದು ನನ್ನ ಅನುಭವ. ಮೀನು ಮುಟ್ಟಿದ್ದು, ಕಲ್ಲಿಗೆ ಸಿಕ್ಕಿದ್ದು, ಏಡಿ ಎಳೆದದ್ದು ಎಲ್ಲವೂ ಬೆರಳಿಗೇ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ನೋಟು ಎಣಿಸುವಾಗ ಕೆಟ್ಟ ನೋಟು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವುದಿಲ್ಲವೇ, ಹಾಗೆ.

ಗಂಟು ಹಾಕುವುದು ಮೊದಲ ಪಾಠ. ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮುಖ್ಯ ದಾರದ ಸುತ್ತ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಉಂಗುರದಲ್ಲಿ ತೂರಿಸಿ, ಉಗುಳಿನಿಂದ ಒದ್ದೆ ಮಾಡಿ ನಿಧಾನ ಎಳೆಯಬೇಕು. ಒಣ ದಾರ ಬಿಸಿಯಾಗಿ ಗಂಟಿನಲ್ಲೇ ಸೋಲುತ್ತದೆ. ನಾನು ಹಾಕಿದ ಮೊದಲ ಹತ್ತು ಗಂಟುಗಳನ್ನು ಅಜ್ಜ ಒಂದೇ ಜಗ್ಗಿಗೆ ಬಿಚ್ಚಿ ನನ್ನ ಕೈಗೇ ಕೊಟ್ಟರು.

ಎರಡನೆಯದು ಎರೆ. ನಮ್ಮೂರ ಕೆರೆಯಲ್ಲಿ ಹುಡುಗರು ಹಿಟ್ಟಿನ ಉಂಡೆ ಹಚ್ಚುವುದನ್ನು ಕಂಡಿದ್ದ ನಾನು ಜಾಣತನ ಮಾಡಿ ಜೋಳದ ಹಿಟ್ಟನ್ನು ಗಟ್ಟಿಯಾಗಿ ನಾದಿ ಒಯ್ದೆ. ಅಲೆ ಒಂದು ಸಲ ಬಂದು ಹೋಯಿತು, ಹಿಟ್ಟು ಮಾಯ, ಕೊಕ್ಕೆ ಬೋಳು. ಅಜ್ಜ ನಕ್ಕು ತಮ್ಮ ತೆಂಗಿನ ಚಿಪ್ಪಿನಿಂದ ಶೆಟ್ಲಿ ಕೊಟ್ಟರು. ಶೆಟ್ಲಿ ಎಂದರೆ ಸಿಗಡಿ. ಉಪ್ಪುನೀರಿನ ಮೀನಿಗೆ ಇದಕ್ಕಿಂತ ರುಚಿ ಬೇರಿಲ್ಲ. ಇಲ್ಲದಿದ್ದರೆ ತಾರ್ಲೆ ಮೀನಿನ ತುಂಡು, ಬಳಚಿನ ಮಾಂಸ. ಯಾವ ನೀರಿನಲ್ಲಿ ಯಾವುದು ಸಿಗುತ್ತದೋ ಅದನ್ನೇ ಆ ನೀರಿನ ಮೀನು ತಿನ್ನುತ್ತದೆ. ಅಷ್ಟು ಸರಳ ಲೆಕ್ಕ ಬಿ.ಕಾಂ. ಓದಿದವನಿಗೆ ಹೊಳೆದಿರಲಿಲ್ಲ.

ಮೂರನೆಯದು ಸಮಯ. ಇದೇ ಎಲ್ಲಕ್ಕಿಂತ ದೊಡ್ಡದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಉಬ್ಬರ ಇಳಿತ, ಅಜ್ಜನ ಬಾಯಲ್ಲಿ ಭರ್ತಿ ಮತ್ತು ಇಳಿತ. ಒಂದು ಭರ್ತಿಯಿಂದ ಇಳಿತಕ್ಕೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು. ಭರ್ತಿ ಏರುವಾಗ ನೀರಿನ ಜೊತೆ ಮೀನು ದಡಕ್ಕೆ ಮೇಯಲು ಬರುತ್ತದೆ, ಏಡಿ ಹುಳುಗಳಿರುವ ಹೊಸ ನೆಲ ಮುಳುಗುತ್ತದಲ್ಲ! ಪೂರ್ತಿ ಭರ್ತಿಯಾಗುವ ಮುಂಚಿನ ಎರಡು ತಾಸು, ಮತ್ತೆ ಇಳಿಯಲು ಶುರುವಾದ ಒಂದು ತಾಸು ಗಾಳಕ್ಕೆ ಉತ್ತಮ. ಅದು ಮುಂಜಾವು ಇಲ್ಲವೇ ಮುಸ್ಸಂಜೆಗೆ ಕೂಡಿ ಬಂದರೆ ಇನ್ನೂ ಉತ್ತಮ. ನೀರು ಅಲ್ಲಾಡದೆ ನಿಂತಾಗ ಮೀನೂ ನಿದ್ದೆ ಮಾಡಿದಂತೆ ಇರುತ್ತದೆ.

ಭರ್ತಿ ಯಾವಾಗ ಎಂದು ತಿಳಿಯಲು ಅಜ್ಜ ಗಡಿಯಾರ ನೋಡುತ್ತಿರಲಿಲ್ಲ, ತಿಥಿ ಕೇಳುತ್ತಿದ್ದರು. ನಾನು ಅದರ ಹಿಂದಿನ ಲೆಕ್ಕವನ್ನು ಆಮೇಲೆ ಹುಡುಕಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಕಾರವಾರದ ಕಡೆ ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ನಡುಹಗಲಿನ ಆಚೀಚೆ ಭರ್ತಿ, ನಡುರಾತ್ರಿಯ ಆಚೀಚೆ ಇನ್ನೊಂದು. ಅಲ್ಲಿಂದ ತಿಥಿಗೆ 48 ನಿಮಿಷದಂತೆ ತಡವಾಗುತ್ತ ಹೋಗುತ್ತದೆ. ಪಂಚಮಿಯಾದರೆ 5 × 48 = 240 ನಿಮಿಷ, ಅಂದರೆ 4 ತಾಸು. ಸಂಜೆ ನಾಲ್ಕರ ಸುಮಾರಿಗೆ ಭರ್ತಿ. ಅಷ್ಟಮಿಗೆ 384 ನಿಮಿಷ, ಸಂಜೆ ಆರೂವರೆ. ಇದು ಅಂದಾಜು. ಸರಿಯಾದ ಸಮಯ ಈಗ ಫೋನಿನಲ್ಲೇ ಸಿಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಲೇಬೇಕು. ಆದರೂ ಚಂದ್ರನನ್ನು ನೋಡಿ ಸಮುದ್ರದ ಹೊತ್ತು ಹೇಳುವುದರಲ್ಲಿ ಒಂದು ಸುಖವಿದೆ.

ಮೊದಲು ಸಿಕ್ಕಿದ್ದು ನೋಗಲಿ. ಬೆರಳಿಗಿಂತ ಸ್ವಲ್ಪ ದಪ್ಪ, ಬೆಳ್ಳಿಯ ಬಣ್ಣ, ಮರಳಿನ ತಳದಲ್ಲಿ ಮೇಯುವ ಮೀನು. ಆಮೇಲೆ ಬಂಗುಡೆ, ಒಮ್ಮೊಮ್ಮೆ ನದೀಮುಖದಲ್ಲಿ ಚೋಣಕ. ನನ್ನ ಸಂತೋಷ ಹೇಳತೀರದು. ಆದರೆ ಒಂದು ವಿಷಯ ಹೇಳಲೇಬೇಕು: ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಹಿಡಿದದ್ದನ್ನೆಲ್ಲ ಅಜ್ಜನ ಮನೆಗೇ ಕೊಡುತ್ತಿದ್ದೆ.

ಮರುವರ್ಷ ಹೋಳಿ ಹುಣ್ಣಿಮೆ ಕಳೆದು, ಶರಣಬಸವೇಶ್ವರರ ಜಾತ್ರೆಯ ತೇರು ಎಳೆದು ಆದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಗುಡಿಯ ಹತ್ತಿರವೇ ಹುಟ್ಟಿ ಬೆಳೆದು, ದಾಸೋಹದ ರೊಟ್ಟಿ ಬಡಿದು ಕೈ ಗಟ್ಟಿಯಾದವಳು. ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡೇ ಬಂದಿದ್ದಳು. ನಾನು ಗಾಳ ಹಿಡಿದು ಹೊರಟದ್ದನ್ನು ಎರಡು ಭಾನುವಾರ ಸುಮ್ಮನೆ ನೋಡಿದಳು. ಮೂರನೆಯ ಭಾನುವಾರ ಕೇಳಿದಳು.

“ಹಿಡದಿದ್ದು ನೀ ತಿಂತೀಯೇನು?”

“ಇಲ್ಲವ್ವ.”

“ಮತ್ಯಾಕ ಹಿಡೀತಿ?”

“ಸುಮ್ಮ, ಹೊತ್ತು ಹೋಗಲಿಕ್ಕ.”

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಶರಣಬಸಪ್ಪನೂ ಕಾಳು ಹಾಕಿದ್ರು ಹಕ್ಕಿಗೆ. ಕಾಳಿನೊಳಗ ಮುಳ್ಳು ಇಟ್ಟಿರಲಿಲ್ಲ.”

ಅರಳಗುಂಡಗಿಯ ಶರಣಬಸವರ ಆ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. 1746ರಲ್ಲಿ ಹುಟ್ಟಿದ ಅವರು ಒಕ್ಕಲುತನದವರು. ಬೆಳೆ ಕಾಯಲು ಹೋದವರು ಹಕ್ಕಿ ಓಡಿಸುವ ಬದಲು ತಿನ್ನಲು ಬಿಟ್ಟು, ತಿಂದ ಮೇಲೆ ಬಾಯಾರುತ್ತದೆಂದು ಕುಡಿಯಲು ನೀರೂ ಇಟ್ಟರಂತೆ. ಆ ಕಥೆ ಕೇಳುತ್ತ ಬೆಳೆದ ನಾನು ಅನ್ನವನ್ನೇ ಬಲೆ ಮಾಡಿದ್ದೆ. ಅದೂ ಹಸಿವಿಗಲ್ಲ. ಆ ಭಾನುವಾರ ನಾನು ಹೋಗಲಿಲ್ಲ.

ನಾನು ಬಾರದ್ದಕ್ಕೆ ಸಂಜೆ ಅಜ್ಜನೇ ಬಂದರು. ಸುಳ್ಳು ಹೇಳಲಾಗದೆ ಇದ್ದದ್ದು ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಅವ್ವನ ಎದುರು ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದರು: “ಅಮ್ಮಾ, ನೀವು ಹೇಳಿದ್ದು ಖರೆ. ನಮಗೆ ದರ್ಯಾ ಹೊಲ. ಹೊಟ್ಟೆಗೆ ಬೇಕು, ಹಿಡೀತೇವೆ. ಆದ್ರೆ ಹೊಲಕ್ಕೂ ಬಿಡುವು ಕೊಡಬೇಕಲ್ಲ? ಮಳೆಗಾಲದಲ್ಲಿ ಮೀನು ಮೊಟ್ಟೆ ಇಡ್ತದೆ, ನಾವು ದೋಣಿ ದಡಕ್ಕೆ ಎಳೆದಿಡ್ತೇವೆ. ಶ್ರಾವಣದ ಹುಣ್ಣಿಮೆಗೆ ದರ್ಯಾಕ್ಕೆ ತೆಂಗಿನಕಾಯಿ ಕೊಟ್ಟು ಕೈ ಮುಗಿದ ಮೇಲೇ ಮತ್ತೆ ಇಳಿಯೋದು. ಸಣ್ಣದು ಸಿಕ್ಕರೆ ತಿರುಗಿ ಬಿಡೋದು. ಆಟಕ್ಕೆ ಹಿಡಿದು ದಡದಲ್ಲಿ ಒಣಗಿಸೋದು ನಮ್ಮಲ್ಲೂ ಪಾಪವೇ.”

ಅವ್ವ ಒಳಗೆ ಹೋಗಿ ಎರಡು ರೊಟ್ಟಿ, ಶೇಂಗಾ ಹಿಂಡಿ ತಂದು ಅವರ ಮುಂದಿಟ್ಟಳು. ಇಬ್ಬರೂ ಒಬ್ಬರ ಮಾತು ಒಬ್ಬರು ಒಪ್ಪಿದರೋ ಇಲ್ಲವೋ ನನಗೆ ತಿಳಿಯದು. ಆದರೆ ಅವ್ವ ಊರಿಗೆ ಹೋಗುವ ತನಕ ಅಜ್ಜನಿಗೆ ದಿನಾ ರೊಟ್ಟಿ ಹೋಗುತ್ತಿತ್ತು, ನಮಗೆ ತೆಂಗಿನಕಾಯಿ ಬರುತ್ತಿತ್ತು. ನಾನು ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಅಜ್ಜನ ಮನೆಯಲ್ಲಿ ಅಂದು ಮೀನು ಬೇಕಾಗಿದ್ದರೆ ಮಾತ್ರ ಗಾಳ, ಒಲೆಗೆ ಸಾಕಾದಷ್ಟು ಸಿಕ್ಕ ಕೂಡಲೇ ದಾರ ಸುತ್ತುವುದು. ಕಾರವಾರದಲ್ಲಿ ಇದ್ದಷ್ಟು ದಿನ ಅದನ್ನು ಮುರಿಯಲಿಲ್ಲ. ಮುರಿದದ್ದು ಬೇರೊಂದು ನಿಯಮವನ್ನು.

ಆ ದೀಪಾವಳಿಯ ಮಾತು. ಅಮಾವಾಸ್ಯೆಯ ಬೆಳಿಗ್ಗೆ. ಅಜ್ಜನ ಮನೆಗೆ ನೆಂಟರು ಬಂದಿದ್ದರು, ಮೀನು ಬೇಕಿತ್ತು. ಅಜ್ಜ ಹಿಂದಿನ ರಾತ್ರಿಯೇ ಹೇಳಿದ್ದರು, “ನಾಳೆ ಬೈತಖೋಲದ ಕಡೆ ಹೊರಗಿನ ಬಂಡೆಗೆ ಹೋಗಬೇಡಿ ಸಾಹೇಬ್ರೇ, ಅಮಾವಾಸ್ಯೆ.”

ನಾನು ಮನಸ್ಸಿನಲ್ಲೇ ನಕ್ಕೆ. ಅಮಾವಾಸ್ಯೆಗೆ ಪ್ರಯಾಣ ಮಾಡಬಾರದು, ಹೊಸ ಬಟ್ಟೆ ಉಡಬಾರದು ಎನ್ನುವವರ ಮಾತಿನಂತೆ ಇದೂ ಒಂದು ಎಂದುಕೊಂಡೆ. ಓದಿದವನಲ್ಲವೇ! ಮಗನನ್ನು ಕರೆದುಕೊಂಡು ಒಂಬತ್ತಕ್ಕೆಲ್ಲ ಬಂಡೆಯ ತುದಿಯಲ್ಲಿದ್ದೆ. ನಡೆದು ಬಂದ ದಾರಿ ಆಗ ಒಣಗಿತ್ತು. ಮೀನೂ ಚೆನ್ನಾಗಿ ಕಚ್ಚುತ್ತಿತ್ತು. ಭರ್ತಿ ಏರುವಾಗ ಕಚ್ಚುತ್ತದೆ ಎಂದು ಆಗಲೇ ಹೇಳಿದೆನಲ್ಲ, ಮೀನು ಕಚ್ಚುವುದೇ ನೀರು ಏರುತ್ತಿರುವುದರ ಗುರುತು ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಹತ್ತೂವರೆಗೆ ಮಗ “ಅಪ್ಪಾ, ದಾರಿ ಕಾಣವಲ್ದು” ಎಂದ. ತಿರುಗಿ ನೋಡಿದೆ. ಬಂಡೆಗೂ ದಡಕ್ಕೂ ನಡುವೆ ನೀರು. ಸಮುದ್ರಕ್ಕೆ ಬೆನ್ನು ಮಾಡಿ ನೋಡುತ್ತ ನಿಂತ ಆ ಗಳಿಗೆಯಲ್ಲೇ ಹಿಂದಿನಿಂದ ಒಂದು ಅಲೆ ಬಂತು. ಬಹಳ ದೊಡ್ಡದೇನಲ್ಲ, ಮಂಡಿಯ ತನಕ. ಮಂಡಿಯ ತನಕ ಬರುವ ಅಲೆ ಸಾಕು ಮಕ್ಕಳೇ, ಮನುಷ್ಯನನ್ನು ಬೀಳಿಸಲು. ಕಾಲ ಕೆಳಗೆ ಪಾಚಿ. ನಾನು ಬಿದ್ದೆ.

ಆಗ ನಡೆದದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಎರಡೂ ಹಚ್ಚಿದರೆ ಮಾತ್ರ ತೆರೆಯುವುದು. ಒಂದು ಮ್ಯಾನೇಜರರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಅದನ್ನು ಮನೆಯಲ್ಲಿ ಬಿಡಲು ಭಯಪಟ್ಟು ಹೋದಲ್ಲೆಲ್ಲ ಕಿಸೆಯಲ್ಲೇ ಒಯ್ಯುತ್ತಿದ್ದೆ. ಬಿದ್ದ ಕೂಡಲೇ ನನ್ನ ಬಲಗೈ ಹೋದದ್ದು ಕಿಸೆಗೆ. ಕೀಲಿ ಇತ್ತು. ಇದೆ ಎಂದು ಖಾತ್ರಿಯಾದ ಮೇಲೆ ತಲೆ ಎತ್ತಿ ಮಗನನ್ನು ಹುಡುಕಿದೆ. ಅವನು ಎರಡು ಬಂಡೆಗಳ ಸಂದಿಯಲ್ಲಿ ಎದೆಯ ತನಕ ಇಳಿದಿದ್ದ. ಕಲ್ಲಿಗಂಟಿದ ಚೂಪು ಚಿಪ್ಪುಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಅಂಗಿಯ ಕಾಲರು ಹಿಡಿದು ಎಳೆದುಕೊಂಡೆ. ಮುಂದಿನ ಅಲೆ ಬರುವುದಕ್ಕೂ ಅವನು ಮೇಲೆ ಬರುವುದಕ್ಕೂ ಸರಿಹೋಯಿತು.

ಎಲ್ಲಕ್ಕಿಂತ ಎತ್ತರದ ಬಂಡೆ ಹತ್ತಿ ಅವನನ್ನು ತಬ್ಬಿ ಕೂತೆ. ಅವನು ನಡುಗುತ್ತಲೇ ಕೇಳಿದ, “ಅಪ್ಪಾ, ಕೀಲಿ ಅದನಾ?”

ಮಗು ನೋಡಿದ್ದ.

ಅಷ್ಟರಲ್ಲಿ ದಡದಲ್ಲಿ ಅಜ್ಜ ಕಂಡರು. ಹೆಂಡತಿಯಿಂದ ಸುದ್ದಿ ತಿಳಿದು ಪೂಜೆ ಬಿಟ್ಟು ಬಂದಿದ್ದರು. ಎರಡೂ ಕೈ ಎತ್ತಿ ಕೂಗಿದರು: “ಇಳೀಬೇಡಿ! ಈಜಬೇಡಿ! ಅಲ್ಲೇ ಕೂತಿರಿ! ನೀರು ತಾನೇ ಇಳೀತದೆ!” ಅವರ ಮಾತಿನಂತೆ ಕೂತೆವು. ಮೂರು ತಾಸಿಗೂ ಹೆಚ್ಚು. ಅಷ್ಟು ಹೊತ್ತೂ ಅವರು ಬಿಸಿಲಿನಲ್ಲಿ ದಡದ ಮೇಲೆ ನಿಂತಿದ್ದರು, ಒಮ್ಮೆಯೂ ನೆರಳಿಗೆ ಹೋಗಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ದಾರಿಯ ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ನಾವು ದಡಕ್ಕೆ ಬಂದಾಗ ಅವರು ಬೈಯಲಿಲ್ಲ. ಮಗನ ಅಂಗೈ ತೊಳೆದು, ತಮ್ಮ ಪಂಚೆಯ ತುದಿ ಹರಿದು ಕಟ್ಟಿದರು.

ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿದರು: “ಅಮಾವಾಸ್ಯೆ, ಹುಣ್ಣಿಮೆಗೆ ಭರ್ತಿ ದೊಡ್ಡದು ಸಾಹೇಬ್ರೇ. ಅಷ್ಟಮಿಗೆ ಮುಳುಗದ ಕಲ್ಲು ಅಂದು ಮುಳುಗ್ತದೆ. ಅದಕ್ಕೇ ಹೋಗಬೇಡಿ ಅಂದೆ, ದೆವ್ವಕ್ಕೆ ಹೆದರಿ ಅಲ್ಲ.” ಸೂರ್ಯ ಚಂದ್ರರಿಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಆ ದಿನಗಳಲ್ಲಿ ಸಮುದ್ರ ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ ಎಂದು ನಾನೂ ಶಾಲೆಯಲ್ಲಿ ಓದಿ ಅಂಕ ಪಡೆದಿದ್ದೆ. ಅಜ್ಜ ಶಾಲೆಗೆ ಹೋದವರಲ್ಲ. ಹಿರಿಯರು “ಬೇಡ” ಎಂದಾಗ “ಯಾಕೆ?” ಎಂದು ಕೇಳುವುದು ತಪ್ಪಲ್ಲ ಮಕ್ಕಳೇ. ಕೇಳದೆಯೇ ಒಳಗೊಳಗೆ ನಗುವುದು ತಪ್ಪು.

ಇಷ್ಟು ಹೇಳಿ, ನನ್ನ ಮೊಮ್ಮಗಳಿಗೆ ಬರೆದ ಮಾತುಗಳನ್ನು ನಿಮಗೂ ಬರೆಯುತ್ತೇನೆ.

ಒಬ್ಬಳೇ ಹೋಗಬೇಡ, ಈಜು ಬಲ್ಲ ದೊಡ್ಡವರ ಜೊತೆ ಹೋಗು. ಎಲ್ಲಿಗೆ, ಎಷ್ಟಕ್ಕೆ ತಿರುಗಿ ಬರುವೆ ಎಂದು ಮನೆಯಲ್ಲಿ ಹೇಳಿ ಹೋಗು. ತೇಲುವ ಜಾಕೆಟ್ಟು ತೊಟ್ಟರೆ ಯಾರೂ ನಗುವುದಿಲ್ಲ, ನಕ್ಕರೆ ನಗಲಿ.

ಹೊಸಬರು ಬಂಡೆಯ ಮೇಲೆ ಹೋಗಲೇಬಾರದು. ನದೀಮುಖದ ಒಳಗಿನ ಸಮತಟ್ಟಾದ ದಂಡೆ, ಮರಳಿನ ತೀರ ಸಾಕು. ಅಲ್ಲಿಯೂ ಗಾಳ ಬಿಚ್ಚುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ಎಲ್ಲಿಯ ತನಕ ಬರುತ್ತದೆ ನೋಡು. ಒದ್ದೆಯಾದ ಜಾಗವೆಲ್ಲ ಸಮುದ್ರದ್ದು. ಸಮುದ್ರಕ್ಕೆ ಬೆನ್ನು ತೋರಿಸಬೇಡ.

ಜೂನ್, ಜುಲೈ ತಿಂಗಳಲ್ಲಿ ಗಾಳ ಕಟ್ಟಿಡು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ದೋಣಿಗಳೇ ದಡದಲ್ಲಿ ಕೂತಾಗ ನಮಗೇನು ಅವಸರ? ಗುಡುಗು ಕೇಳಿದರೆ ಯಾವ ತಿಂಗಳಾದರೂ ಸರಿ, ಕೋಲು ಕೆಳಗಿಟ್ಟು ಮನೆಗೆ ನಡೆ. ನೌಕಾನೆಲೆಯ ಹತ್ತಿರ, ಫಲಕ ಹಾಕಿ ಬೇಡ ಎಂದ ಕಡೆ ಹೋಗಬೇಡ.

ಸಿಕ್ಕಿದ್ದನ್ನೆಲ್ಲ ಬರಿಗೈಯಲ್ಲಿ ಹಿಡಿಯಬೇಡ. ಮೀಸೆಯಿರುವ ಶೇಡಿ ಮೀನಿನ ಬೆನ್ನಿಗೊಂದು, ಎರಡು ಪಕ್ಕಕ್ಕೆ ಎರಡು ಮುಳ್ಳು, ಚುಚ್ಚಿದರೆ ವಿಷ. ತೊರಕೆ ಮೀನಿನ ಬಾಲದಲ್ಲೂ ಮುಳ್ಳು. ಅದು ಮರಳಲ್ಲಿ ಹುದುಗಿರುವುದರಿಂದ ನೀರಿನಲ್ಲಿ ಕಾಲು ಎತ್ತಿಡದೆ ಎಳೆದುಕೊಂಡು ನಡೆದರೆ ತಾನೇ ಸರಿದು ಹೋಗುತ್ತದೆ. ಚುಚ್ಚಿದರೆ ಸುಡದಷ್ಟು, ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ ಡಾಕ್ಟರ ಬಳಿ ಓಡಬೇಕು. ಚೆಂಡಿನಂತೆ ಉಬ್ಬುವ ಮೀನು ಬಂದರೆ ಬಿಟ್ಟುಬಿಡು, ಅದರೊಳಗಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ಕಡಲಹಾವು ಸಿಕ್ಕರೆ ದಾರ ಕತ್ತರಿಸು, ಕೊಕ್ಕೆಯ ಆಸೆ ಬೇಡ. ಕೊಕ್ಕೆ ನಿನ್ನ ಬೆರಳಿಗೇ ಹೊಕ್ಕರೆ ಎಳೆಯಬೇಡ, ಅದರ ಹಿಂಮುಳ್ಳು ಮಾಂಸ ಹರಿಯುತ್ತದೆ. ಹಾಗೇ ಡಾಕ್ಟರಿಗೆ ತೋರಿಸು.

ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ತೇಲುವುದು ಏನಿದ್ದರೂ ಎಸೆ, ಕೂಗು. 112ಕ್ಕೆ ಅಥವಾ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಫೋನು ಮಾಡಿಸು.

ಸಣ್ಣ ಮೀನನ್ನು ತಿರುಗಿ ಬಿಡುವಾಗ ಕೈ ಒದ್ದೆ ಮಾಡಿಕೊ. ಒಣಗೈ ಅದರ ಮೈಮೇಲಿನ ಲೋಳೆಯನ್ನು ಕೀಳುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಅಂಗಿ. ತುಂಡಾದ ದಾರವನ್ನು ಒಂದು ಗೇಣು ಕೂಡ ದಡದಲ್ಲಿ ಬಿಡಬೇಡ, ಹಕ್ಕಿಯ ಕಾಲಿಗೆ, ಆಮೆಯ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮನೆಗೆ ಬಂದು ಗಾಳವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸು, ಇಲ್ಲದಿದ್ದರೆ ಉಪ್ಪು ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ. ತಿನ್ನುವವರಿಗೆ ಬೇಕಾದಷ್ಟು ಸಿಕ್ಕ ಮೇಲೆ ದಾರ ಸುತ್ತು.

ಕೊನೆಯದು, ನೀರಿನ ಹತ್ತಿರ ಹೋಗುವಾಗ ಕಿಸೆ ಖಾಲಿ ಇರಲಿ. ಫೋನು, ಪರ್ಸು, ಬೆಲೆಯದೆಂದು ನಿನಗನ್ನಿಸುವುದು ಏನಿದ್ದರೂ ದೂರದಲ್ಲಿ ಚೀಲದಲ್ಲಿಡು. ಅಲೆ ಬಂದಾಗ ಎರಡೂ ಕೈ ಜೊತೆಗಿರುವವರಿಗೆ ಬೇಕು.

ಈ ಕೊನೆಯ ಮಾತು ಬರೆದ ಮೇಲೆ ನನಗೆ ತಡೆಯಲಾಗಲಿಲ್ಲ. ಪತ್ರ ಅಂಚೆಗೆ ಹಾಕುವ ಮೊದಲೇ ಮಗನಿಗೆ ಫೋನು ಮಾಡಿದೆ. ಬಂಡೆಯ ದಿನ ನಿನಗೆ ನೆನಪಿದೆಯೇ ಎಂದು ಕೇಳಿದೆ. “ಅಂಗೈದಾಗ ಇನ್ನೂ ಗೆರಿ ಅದ ಅಪ್ಪಾ” ಎಂದ. ಕಿಸೆಯ ವಿಷಯ ಹೇಳಿದೆ. ನಲವತ್ತು ವರ್ಷ ಹೊತ್ತದ್ದು, ಹೇಳಲು ಒಂದು ನಿಮಿಷ ಹಿಡಿಯಿತು. ಆ ಕಡೆ ಅಲೆಯ ಸದ್ದು ಕೇಳುತ್ತಿತ್ತು, ದಂಡೆಯಲ್ಲೇ ಇದ್ದನೇನೋ.

“ನನಗ ನೆನಪಿರೋದು ನೀ ಕಾಲರ್ ಹಿಡದು ಎಳದಿದ್ದು ಅಪ್ಪಾ” ಎಂದ ಅವನು. “ಆಮ್ಯಾಲ ಮೂರು ತಾಸು ನನ್ನ ಬಿಡಲೇ ಇಲ್ಲ ನೀ. ಮೈ ನೋಯಲಿಕತ್ತಿತ್ತು.”

ಕೀಲಿಯ ಮಾತು ಅವನು ಎತ್ತಲಿಲ್ಲ. ನಿಜವಾಗಿ ಮರೆತಿದ್ದಾನೋ, ಮುದುಕನಿಗೆ ಯಾಕೆ ನೋಯಿಸುವುದೆಂದು ಬಿಟ್ಟನೋ, ನಾನೂ ಕೇಳಲಿಲ್ಲ.

ನಾವು ಕಾರವಾರ ಬಿಡುವ ದಿನ ಅಜ್ಜ ತಮ್ಮ ಮರದ ತುಂಡು, ದಾರದ ಸಮೇತ ನನ್ನ ಕೈಯಲ್ಲಿಟ್ಟಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ನಾನು ದಾಟುತ್ತಿದ್ದ ಕಾಳಿಯ ಹಳೆಯ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿದುಬಿತ್ತು. ಮರದ ತುಂಡು ಮಾತ್ರ ನಮ್ಮ ದೇವರ ಗೂಡಿನ ಕೆಳಗಿನ ಖಾನೆಯಲ್ಲಿ ಇದೆ. ಹಳೆಯ ದಾರ ಪುಡಿಯಾಗಿದೆ, ಕೊಕ್ಕೆಯನ್ನು ತೆಗೆದು ಹಾಕಿದ್ದೇನೆ. ಹೊಸ ದಾರವನ್ನು ಮೊಮ್ಮಗಳೇ ಸುತ್ತಿಕೊಳ್ಳಲಿ. ಹೋಳಿಯಾದ ಐದನೆಯ ದಿನ ತೇರಿಗೆ ಬರುತ್ತೇವೆ ಎಂದಿದ್ದಾರೆ. ಬಂದಾಗ ಅಪ್ಪನ ಕೆರೆಯ ದಂಡೆಯಲ್ಲಿ ಅವಳನ್ನು ಕೂರಿಸಿಕೊಂಡು ಗಂಟು ಹಾಕುವುದನ್ನು ತೋರಿಸಬೇಕು. ಮೊದಲ ಹತ್ತು ಗಂಟು ನಾನೇ ಜಗ್ಗಿ ಬಿಚ್ಚುತ್ತೇನೆ.